ಹೀರೋ ಕಾರು ಹಾರಿಸ್ತಾನೆ... ನಾನು ಬ್ರೇಕ್ ಆಯಿಲ್ ಬದಲಾಯಿಸಿದೆ!

ಅಭಿಮಾನಿ ಮಿತ್ರರೇ, ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನಮ್ಮ ಸಿನಿಮಾಗಳಲ್ಲಿ ಹೀರೋ ಎಂದಾದರೂ ಕಾರಿನ ಟೈರಿಗೆ ಗಾಳಿ ಹಿಡಿಸಿದ್ದನ್ನು ನೋಡಿದ್ದೀರಾ? ರೇಡಿಯೇಟರ್ ಮುಚ್ಚಳ ತೆಗೆದು ನೀರು ನೋಡಿದ್ದನ್ನು? ಇಲ್ಲವೇ ಇಲ್ಲ! ಬಾಗಿಲು ದಡಾರ್ ಅಂತ ಹಾಕ್ತಾನೆ, ಹೊರಟೇಬಿಡ್ತಾನೆ. ವಿಲನ್ ಜೀಪು ಹಳ್ಳಕ್ಕೆ, ಹೀರೋ ಕಾರು ಹೀರೋಯಿನ್ ಮನೆ ಮುಂದಕ್ಕೆ! ಆಮೇಲೆ ಗ್ಯಾರೇಜಿನ ಬಿಲ್ಲು ಯಾರು ಕೊಟ್ಟರು ಅನ್ನೋದನ್ನ ಯಾವ ಡೈರೆಕ್ಟರೂ ತೋರಿಸಲ್ಲ.

ನಮ್ಮವರು ಮಾತ್ರ ಅಲ್ಲ. ಹಾಲಿವುಡ್‌ನ ಸ್ಟೀವ್ ಮೆಕ್‌ಕ್ವೀನ್ 1968ರಲ್ಲಿ 'ಬುಲಿಟ್' ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳಲ್ಲಿ ಕಾರು ಓಡಿಸಿದ್ದು ಇಂದಿಗೂ ಪ್ರಸಿದ್ಧ. ಆ ಚೇಸಿಂಗ್‌ನಲ್ಲಿ ವಿಲನ್‌ಗಳ ಕಾರಿನಿಂದ ವೀಲ್ ಕ್ಯಾಪ್‌ಗಳು ಉದುರುತ್ತಾ ಹೋಗುತ್ತವೆ. ಲೆಕ್ಕ ಹಾಕಿದ ಅಭಿಮಾನಿಗಳು ನಕ್ಕಿದ್ದಾರೆ. ಕಾರಿಗೆ ಚಕ್ರ ನಾಲ್ಕು, ಉದುರಿದ ಕ್ಯಾಪ್‌ಗಳು ನಾಲ್ಕಕ್ಕಿಂತ ಜಾಸ್ತಿ! ಅದಕ್ಕೇ ನಾನು ಮೊದಲು ಮಾಡಿದ ಕೆಲಸ, ನಮ್ಮ ಕಾರಿನ ನಾಲ್ಕೂ ವೀಲ್ ಕ್ಯಾಪ್ ಕಿತ್ತು ಅಟ್ಟದ ಮೇಲೆ ಇಟ್ಟಿದ್ದು.

ಯಾಕೆ ಅಂತೀರಾ? ನಾನು ರೇಸ್ ಟ್ರ್ಯಾಕಿಗೆ ಹೊರಟಿದ್ದೆ ಸ್ವಾಮೀ!

ನಮ್ಮ ಮನೆ ಆರ್.ಟಿ. ನಗರ. ಕಾರು ಹತ್ತು ವರ್ಷ ದಾಟಿದ ಪೆಟ್ರೋಲ್ ಸ್ವಿಫ್ಟ್. ಅಪ್ಪ ಕೆ.ಎಸ್.ಆರ್.ಟಿ.ಸಿ. ಡ್ರೈವರ್ ಆಗಿ ರಿಟೈರ್ ಆದಾಗ ಬಂದ ದುಡ್ಡಲ್ಲಿ ತಗೊಂಡಿದ್ದು. ಅಮ್ಮನನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರಕೊಂಡು ಹೋಗೋದೂ ಅದರಲ್ಲೇ, ಯಶವಂತಪುರ ಮಾರ್ಕೆಟ್‌ನಿಂದ ಈರುಳ್ಳಿ ಮೂಟೆ ತರೋದೂ ಅದರಲ್ಲೇ. ಡ್ಯಾಷ್‌ಬೋರ್ಡ್ ಮೇಲೆ ಅಪ್ಪ ಅಂಟಿಸಿದ ಪುಟ್ಟ ಗಣಪತಿ. ಇದು ರೇಸ್ ಕಾರಾ? ನೀವೇ ಹೇಳಿ!

ಆದರೆ ವೇಗದ ಹುಚ್ಚು ಕಾರಿನ ಬೆಲೆ ಕೇಳಿ ಬರುತ್ತದೆಯೇ? 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ಮೇಲೆ ಹೆಬ್ಬಾಳದಿಂದ ಆಚೆಗಿನ ರಸ್ತೆ ನಮ್ಮ ಕಡೆ ಹುಡುಗರ ತಲೆ ಕೆಡಿಸಿದೆ. ರಾತ್ರಿ ಹನ್ನೆರಡರ ಮೇಲೆ ಯಲಹಂಕದ ಕಡೆ ನಿಂತು ನೋಡಿ. ಬೈಕುಗಳ ವೀಲಿಂಗ್ ಏನು, ಕಾರುಗಳ ಪಂದ್ಯ ಏನು! ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. 2019ರ ತಿದ್ದುಪಡಿ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಹುಡುಗರಿಗೆ ಅದರ ಹೆದರಿಕೆ ಎಲ್ಲಿ?

ನಮ್ಮ ಬೀದಿಯ ಒಂದು ಮನೆ ಮುಂದೆ ಒಂದು ಬೈಕು ನಿಂತಿದೆ. ಟಾರ್ಪಾಲು ಹೊದಿಸಿದ್ದಾರೆ. ಎರಡು ವರ್ಷವಾಯಿತು, ಯಾರೂ ಮುಟ್ಟಿಲ್ಲ. ಅದನ್ನು ಓಡಿಸುತ್ತಿದ್ದವನು ನನ್ನ ಜೊತೆ ಗಲ್ಲಿ ಕ್ರಿಕೆಟ್ ಆಡಿದವನು. ಆ ರಸ್ತೆಗೆ ಹೋದವನು ವಾಪಸ್ ಬರಲಿಲ್ಲ. ಅವರಮ್ಮ ಇವತ್ತಿಗೂ ಗೇಟಿನ ಶಬ್ದವಾದರೆ ತಿರುಗಿ ನೋಡ್ತಾರೆ.

ಅದಕ್ಕೇ ನಾನು ಟ್ರ್ಯಾಕ್ ಡೇ ವಿಷಯ ಎತ್ತಿದಾಗ ಅಪ್ಪ ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:

'ಎದುರಿಗೆ ಗಾಡಿ ಬರಲ್ವಾ?'

'ಇಲ್ಲಪ್ಪ. ಎಲ್ಲಾ ಒಂದೇ ದಿಕ್ಕು. ಆಂಬುಲೆನ್ಸೂ ನಿಂತಿರುತ್ತೆ.'

'ದನ, ನಾಯಿ, ಸ್ಕೂಲ್ ಮಕ್ಕಳು?'

'ಇರಲ್ಲ.'

'ಹಂಗಾದ್ರೆ ಹೋಗು. ಆದ್ರೆ ಒಂದು ಮಾತು. ಓಡಿಸಿಕೊಂಡು ಹೋದ ಗಾಡೀನ ಓಡಿಸಿಕೊಂಡೇ ಬರಬೇಕು. ಸೋಮವಾರ ನಿಮ್ಮಮ್ಮಂಗೆ ಆಸ್ಪತ್ರೆ ಇದೆ.'

ಅಷ್ಟೇ! ಯಾವ ಸಂಭಾಷಣೆಕಾರ ಬರೆದಾನು ಇಂಥಾ ಡೈಲಾಗು?

ಯಶವಂತಪುರದ ಒಂದು ಸಣ್ಣ ಗ್ಯಾರೇಜಿಗೆ ಗಾಡಿ ತಗೊಂಡು ಹೋದೆ. ಮೇಸ್ತ್ರಿ ನಗುತ್ತಾ, 'ಏನ್ ಸಾರ್, ಸೈಲೆನ್ಸರ್ ಬದಲಾಯಿಸ್ಬೇಕಾ, ಸ್ಟಿಕ್ಕರ್ ಹಾಕ್ಬೇಕಾ?' ಅಂದ. 'ಎರಡೂ ಬೇಡಣ್ಣ, ನಿಲ್ಲೋ ಹಾಗೆ ಮಾಡಿಕೊಡು' ಅಂದೆ. ಆತ ನಗು ನಿಲ್ಲಿಸಿ ನನ್ನ ಮುಖ ನೋಡಿದ. 'ಇದೇ ಮೊದಲು ಸಾರ್, ಹಿಂಗೆ ಕೇಳಿದೋರು!'

ಕಾರು ಎತ್ತಿ ಚಕ್ರ ಬಿಚ್ಚಿದ. ಮುಂದಿನ ಎಡ ಚಕ್ರದ ಹಿಂದೆ, ಬ್ರೇಕಿನ ರಬ್ಬರ್ ಪೈಪು ಬಗ್ಗಿಸಿ ತೋರಿಸಿದ. ಒಣಗಿದ ಕೆರೆಯ ತಳದ ಹಾಗೆ ಬಿರುಕು! ಬ್ರೇಕ್ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಮೂರು ತಿಂಗಳ ಹಿಂದೆಯಷ್ಟೇ ಬೇರೆ ಕಡೆ ಸರ್ವಿಸ್ ಮಾಡಿಸಿದ್ದೆವು. ಬಿಲ್ಲಿನಲ್ಲಿ 'ಬ್ರೇಕ್ ಚೆಕ್ ಮಾಡಲಾಗಿದೆ' ಅಂತ ಅಚ್ಚಾಗಿದೆ, ದುಡ್ಡೂ ಹಿಡಿದಿದ್ದಾರೆ. ಈ ಪೈಪನ್ನು ನಂಬಿಕೊಂಡು ಅಮ್ಮನನ್ನು ಕೂರಿಸಿಕೊಂಡು ಹೆಬ್ಬಾಳದ ಫ್ಲೈಓವರ್ ಇಳಿಯುತ್ತಿದ್ದೆವು ಅಂತ ನೆನೆಸಿಕೊಂಡರೆ ಮೈ ಝುಂ ಅಂದಿತು.

ಮೇಸ್ತ್ರಿ ಬ್ರೇಕಿನ ಗುಟ್ಟು ಹೇಳಿದ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ತಡೆಯಬೇಕು. ತೇವ ಸೇರಿದ ಮೇಲೆ ಅದರ ಮಟ್ಟ 140. ಡಾಟ್ 4 ಆದರೆ ಹೊಸದಕ್ಕೆ 230, ತೇವ ಸೇರಿದ್ದಕ್ಕೆ 155. ಕುದಿದರೆ ಪೈಪಿನೊಳಗೆ ಆವಿ. ದ್ರವ ಒತ್ತಿದರೆ ಬಲ ಚಕ್ರಕ್ಕೆ ಹೋಗುತ್ತೆ, ಆವಿ ಒತ್ತಿದರೆ ಆವಿ ಕುಗ್ಗುತ್ತೆ ಅಷ್ಟೇ. ಪೆಡಲ್ ನೆಲಕ್ಕೆ, ಗಾಡಿ ಗೋಡೆಗೆ!

ಹೊಸ ಪೈಪು, ಹೊಸ ಪ್ಯಾಡು, ಡಾಟ್ 4 ಆಯಿಲ್, ಇಂಜಿನ್ ಆಯಿಲ್, ಕೂಲೆಂಟ್. ಬ್ಯಾಟರಿ ಅಲುಗದಂತೆ ಕ್ಲ್ಯಾಂಪ್ ಬಿಗಿ. ಚಕ್ರದ ನಟ್ಟುಗಳನ್ನು ಕಾಲಿನಿಂದ ಒದ್ದು ಬಿಗಿ ಮಾಡದೆ ಟಾರ್ಕ್ ಸ್ಪ್ಯಾನರ್ ಹಿಡಿದು ಎಲ್ಲಕ್ಕೂ ಒಂದೇ ಸಮ. ಎಷ್ಟು ಖರ್ಚು ಅಂತೀರಾ? ನನ್ನ ಸಂಬಳದ ಕಾಲು ಭಾಗ ಹೋಯಿತು. ಇಂಜಿನ್ ಪವರ್ ಒಂದು ಕುದುರೆಯಷ್ಟೂ ಹೆಚ್ಚಲಿಲ್ಲ!

ಇನ್ಶೂರೆನ್ಸ್ ಪಾಲಿಸಿಯನ್ನೂ ಓದಿದೆ. ರೇಸಿಗೆ, ವೇಗ ಪರೀಕ್ಷೆಗೆ ಬಳಸಿದರೆ ರಕ್ಷಣೆ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇದೆ. ಟ್ರ್ಯಾಕ್ ಡೇ ಪಂದ್ಯವಲ್ಲ, ಕಪ್ಪಿಲ್ಲ, ಬಹುಮಾನವಿಲ್ಲ. ಆದರೂ ಅಲ್ಲಿ ಗಾಡಿ ನಜ್ಜುಗುಜ್ಜಾದರೆ ಕಂಪನಿ ಕೊಡುತ್ತೆ ಅಂತ ಕನಸು ಕಾಣಬಾರದು. ಅಮ್ಮನ ಸೋಮವಾರ ನನ್ನ ಬಲಗಾಲಿನ ಕೆಳಗೆ ಇತ್ತು.

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು 300 ಕಿಲೋಮೀಟರ್. ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಟ್ರ್ಯಾಕ್. ಒಂದು ಸುತ್ತು 3.7 ಕಿಲೋಮೀಟರ್, ತಿರುವು 12. ಕಾರಿನಿಂದ ಸ್ಟೆಪ್ನಿ, ಜಾಕು, ಕಾಲಡಿಯ ಮ್ಯಾಟು, ಅಮ್ಮನ ಕೊಡೆ, ನೀರಿನ ಬಾಟಲು ಎಲ್ಲಾ ಇಳಿಸಿದೆ. ಬ್ರೇಕ್ ಹಾಕಿದಾಗ ಬಾಟಲು ಉರುಳಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಗಣಪತಿಯನ್ನೂ ಕಿತ್ತು ಟವೆಲ್ಲಿನಲ್ಲಿ ಸುತ್ತಿಟ್ಟೆ. 'ಇಲ್ಲೇ ಕೂತು ನೋಡಪ್ಪಾ ತಂದೆ' ಅಂದೆ.

ಮುಖ ಮುಚ್ಚುವ ಹೆಲ್ಮೆಟ್ಟು, ತುಂಬು ತೋಳಿನ ಹತ್ತಿ ಶರ್ಟು, ಬೂಟು. ಮೊದಲು ಪಾಠ. ಹಳದಿ ಬಾವುಟ ಅಂದರೆ ಮುಂದೆ ಅಪಾಯ, ಓವರ್‌ಟೇಕ್ ಬೇಡ. ನೀಲಿ ಅಂದರೆ ಹಿಂದೆ ವೇಗದ ಗಾಡಿ ಬರ್ತಿದೆ. ಕೆಂಪು ಅಂದರೆ ಎಲ್ಲಾ ಬಂದ್, ನಿಧಾನ ವಾಪಸ್. ಕಪ್ಪು ಬಿಳಿ ಚೌಕ ಅಂದರೆ ಮುಗಿಯಿತು.

ಮೊದಲ ಎರಡು ಸುತ್ತು ಮೆಲ್ಲಗೆ. ಮೂರನೆಯದರಲ್ಲಿ ಕಾಲು ಒತ್ತಿದೆ. ಅಬ್ಬಾ! ಸಿನಿಮಾದಲ್ಲಿ ಕಾಣದ್ದು ಒಂದಿದೆ ಮಿತ್ರರೇ, ಕುತ್ತಿಗೆ ನೋವು! ತಿರುವಿನಲ್ಲಿ ಮೈಯೆಲ್ಲಾ ಬಾಗಿಲಿಗೆ ಒರಗುತ್ತೆ, ಟೈರು ಕೀರಲು ಹಾಡುತ್ತೆ. ನೇರ ಹಾದಿಯಲ್ಲೇ ಬ್ರೇಕ್ ಹಿಡಿದು, ಆಮೇಲೆ ತಿರುಗಿಸಬೇಕು. ತಿರುವಿನ ಮಧ್ಯೆ ಬ್ರೇಕ್ ಒತ್ತಿದರೆ ಗಾಡಿಯ ಹಿಂಭಾಗ ಮುಂದೆ ಬರಲು ನೋಡುತ್ತೆ.

ಐದನೇ ಸುತ್ತಿನಲ್ಲಿ ಪೆಡಲ್ ಕೊಂಚ ಮೆತ್ತಗಾಯಿತು. ಅಪ್ಪನ ಮಾತು ಕಿವಿಗೆ ಬಿತ್ತು. ಧರ್ಮಸ್ಥಳದ ಬಸ್ಸು ಓಡಿಸುವಾಗ ಶಿರಾಡಿ ಘಾಟಿಯ ಬಗ್ಗೆ ಹೇಳ್ತಿದ್ದರು: 'ಬ್ರೇಕ್ ಕಾದ್ರೆ ಬ್ರೇಕ್ ಮುಟ್ಟಬೇಡ, ಗೇರಲ್ಲಿ ಇಳಿಸು.' ಹಾಗೇ ಮಾಡಿದೆ. ಒಂದು ಸುತ್ತು ನಿಧಾನವಾಗಿ ಗಾಳಿಗೆ ಬಿಟ್ಟು ಒಳಗೆ ಬಂದೆ. ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ. ಕಾದ ಬ್ರೇಕು ಅಂಟಿಕೊಳ್ಳುತ್ತೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆ. 30 ಇದ್ದ ಗಾಳಿ 36ಕ್ಕೆ ಏರಿತ್ತು. ಇಳಿಸಿದೆ, ಕಾದೆ, ಮತ್ತೆ ಹೋದೆ.

ನನ್ನನ್ನು ಹಿಂದೆ ಹಾಕದ ಗಾಡಿ ಅವತ್ತು ಅಲ್ಲಿ ಇರಲಿಲ್ಲ! ಆದರೇನು? ಸಂಜೆ ನಟ್ಟು ಮತ್ತೆ ಬಿಗಿ ಮಾಡಿ, ತಣ್ಣಗಾದ ಟೈರಿಗೆ ಗಾಳಿ ತುಂಬಿ, ಗಣಪತಿಯನ್ನು ಜಾಗಕ್ಕೆ ಕೂರಿಸಿ ಊರಿಗೆ ಬಂದೆ. ಸೋಮವಾರ ಅಮ್ಮ ಅದೇ ಸೀಟಿನಲ್ಲಿ ಕೂತು ಆಸ್ಪತ್ರೆಗೆ ಹೋದರು. 'ಗಾಡಿ ಮೊದಲಿಗಿಂತ ಚೆನ್ನಾಗಿ ನಿಲ್ಲತ್ತಲ್ಲೋ' ಅಂದರು. ಅಪ್ಪ ಕನ್ನಡಿಯಲ್ಲಿ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು.

ಕೊನೆಗೊಂದು ಮಾತು. 'ಆಟೋರಾಜ'ನಾಗಿ ಆಟೋ ಸ್ಟ್ಯಾಂಡುಗಳಲ್ಲಿ ಇಂದಿಗೂ ಫೋಟೋವಾಗಿ ನಗುತ್ತಿರುವ ಶಂಕರಣ್ಣ, ನಮ್ಮ ಶಂಕರ್‌ನಾಗ್, 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದಾಗ ವಯಸ್ಸು ಬರೀ 35. 1994ರಲ್ಲಿ ಸುನಿಲ್. 2021ರಲ್ಲಿ ಸಂಚಾರಿ ವಿಜಯ್. ಅವರು ಯಾರೂ ಪಂದ್ಯಕ್ಕೆ ಹೊರಟವರಲ್ಲ. ಸುಮ್ಮನೆ ಹೋಗುವವರನ್ನೇ ಬಿಡದ ರಸ್ತೆ ಅದು. ಅಲ್ಲಿ ಹೋಗಿ ನಾವಾಗಿ ಪಂದ್ಯ ಕಟ್ಟಬೇಕೇ?

ಹುಚ್ಚು ಇದ್ದರೆ ಇರಲಿ, ನನಗೂ ಇದೆ. ದುಡ್ಡು ಕೂಡಿಡಿ, ಬ್ರೇಕ್ ಸರಿ ಮಾಡಿಸಿ, ಟ್ರ್ಯಾಕಿಗೆ ಹೋಗಿ. ತೆರೆಯ ಮೇಲೆ ಹೀರೋಗೆ ಡ್ಯೂಪ್ ಇರ್ತಾನೆ ಗುರೂ. ಹೆಬ್ಬಾಳದ ಫ್ಲೈಓವರ್ ಮೇಲೆ ನಿನಗೆ ನೀನೇ!