ಒಂದು ಷೂಸ್

ಕಳೆದ ಸೋಮವಾರ ಶಾಲೆಗೆ ಹೊರಟ ಮಗಳು ನಡುಮನೆಯಲ್ಲಿ ನಿಂತು, "ಅಪ್ಪಾ, ನನ್ನ ಒಂದು ಷೂಸ್ ಕಾಣಿಸುತ್ತಿಲ್ಲ" ಎಂದು ಕೂಗಿದಳು. ಮನೆಯಲ್ಲಿ ನೆಂಟರಿದ್ದರು. ವ್ಯಾಕರಣದ ಮೇಷ್ಟರಿಗೆ ಸಮಯಾಸಮಯದ ಪರಿವೆ ಎಲ್ಲಿಯದು? "ಒಂದಾದರೆ ಷೂ, ಎರಡಾದರೆ ಷೂಸ್. ನಾಲ್ಕನೆಯ ತರಗತಿಗೆ ಬಂದರೂ ಇಷ್ಟು ತಿಳಿಯದೆ?" ಎಂದು ಗದರಿದೆ. ಎಲ್ಲರೂ ನಕ್ಕರು. ಮಗು ನಗಲಿಲ್ಲ. ಮಂಚದ ಕೆಳಗಿನಿಂದ ಅದನ್ನು ಹುಡುಕಿ ತೆಗೆದು, ಮಾತಿಲ್ಲದೆ ಲೇಸು ಕಟ್ಟಿಕೊಂಡು ಹೊರಟುಹೋದಳು.

ಆ ಮೌನ ದಿನವೆಲ್ಲ ಕಾಡಿತು. ಸಂಜೆ ಕಾಲೇಜಿನ ಪುಸ್ತಕಭಂಡಾರದಲ್ಲಿ ಶಬ್ದಮೂಲದ ಕೋಶಗಳನ್ನು ತೆರೆದು ಕುಳಿತೆ. ನನ್ನ ಪಕ್ಷಕ್ಕೆ ಸಾಕ್ಷಿ ದೊರೆತೀತೆಂಬ ಆಸೆ ಇದ್ದುದನ್ನು ಮುಚ್ಚಿಡಲಾರೆ.

ಷೂ ಎಂಬುದು ಜರ್ಮಾನಿಕ್ ಭಾಷಾಕುಟುಂಬದ ಹಳೆಯ ಆಸ್ತಿ. ಇಂಗ್ಲಿಷಿನ ಷೂ, ಜರ್ಮನಿನ ಷೂ, ಡೇನರ 'ಸ್ಕೋ' ಎಲ್ಲವೂ ಒಂದೇ ಬೇರಿನ ಚಿಗುರುಗಳು. 4ನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲ ಬೈಬಲನ್ನು ಗಾಥಿಕ್ ಭಾಷೆಗೆ ತಂದಾಗ, ಕ್ರಿಸ್ತನ ಪಾದರಕ್ಷೆಯ ಬಾರನ್ನು ಬಿಚ್ಚಲೂ ತಾನು ಯೋಗ್ಯನಲ್ಲವೆಂದು ಯೋಹಾನನು ಹೇಳುವಲ್ಲಿ ಬಳಸಿದ್ದು 'ಸ್ಕೋಹ್ಸ್' ಎಂಬ ಇದೇ ಶಬ್ದದ ಬಹುವಚನವನ್ನು. ಮುಚ್ಚುವುದೆಂಬ ಅರ್ಥದ ಧಾತುವಿನಿಂದ ಇದು ಹುಟ್ಟಿತೆನ್ನುವವರುಂಟು. ಅದು ಊಹೆ ಮಾತ್ರ. ಆದರೆ ಜರ್ಮನರು ಕೈಗವಸನ್ನು 'ಹಾಂಟ್‌ಷೂ', ಎಂದರೆ ಕೈಯ ಷೂ, ಎಂದು ಕರೆಯುವುದನ್ನು ನೋಡಿದರೆ ಆ ಊಹೆಯನ್ನು ಬಿಡಲು ಮನಸ್ಸಾಗದು.

ನನ್ನ ಸೊಕ್ಕು ಇಳಿದದ್ದು ಡಚ್ಚರ ಪುಟದಲ್ಲಿ. ಮಧ್ಯಯುಗದಲ್ಲಿ ಅವರಿಗೆ ಒಂದು ಪಾದರಕ್ಷೆ 'ಸ್ಖೂ', ಎರಡು 'ಸ್ಖೂನ್'. ಜೋಡಿಯಾಗಿಯೇ ಕೊಳ್ಳುವ, ಜೋಡಿಯಾಗಿಯೇ ತೊಡುವ ವಸ್ತುವನ್ನು ಒಂಟಿಯಾಗಿ ಹೆಸರಿಸುವ ಪ್ರಸಂಗವಾದರೂ ಎಷ್ಟು? ಕಳೆದುಹೋದಾಗ ಮಾತ್ರ! ಬರಬರುತ್ತ ಜನ ಬಹುವಚನವನ್ನೇ ಏಕವಚನವೆಂದು ಭಾವಿಸಿಬಿಟ್ಟರು. ಇಂದು ಅಲ್ಲಿ ಒಂದಕ್ಕೇ 'ಸ್ಖೂನ್'. ಹಲವಕ್ಕೆ ಅದರ ಮೇಲೆ ಇನ್ನೊಂದು ಪ್ರತ್ಯಯ ಹೇರಿ 'ಸ್ಖೂನನ್' ಎನ್ನುತ್ತಾರೆ. ನಮ್ಮ ಪೇಟೆಯ ಅಂಗಡಿಯವನು 'ಷೂಸ್‌ಗಳು' ಎನ್ನುವ ಹಾಗೆ. ಇಂಗ್ಲಿಷಿನಲ್ಲೂ ಹಿಂದೆ 'ಷೂನ್' ಎಂಬ ಬಹುವಚನವಿತ್ತು. 'ಆಕ್ಸನ್' ಎಂಬಲ್ಲಿ ಇಂದಿಗೂ ಉಳಿದಿರುವ ಆ ನಕಾರವನ್ನು ಇಲ್ಲಿ ಸಕಾರ ಹೊರದಬ್ಬಿತು.

ರಾತ್ರಿ ಊಟದ ಮುಂಚೆ ಮಗಳನ್ನು ಹತ್ತಿರ ಕೂರಿಸಿಕೊಂಡು, "ಹಾಲೆಂಡಿನವರೆಲ್ಲ ನಿನ್ನ ಪಕ್ಷ, ಕಂದ. ಬೆಳಗ್ಗೆ ತಪ್ಪಿದವನು ನಾನು" ಎಂದು ಎಲ್ಲವನ್ನೂ ವಿವರಿಸಿದೆ. ಅವಳು ಗಂಭೀರವಾಗಿ ಕೇಳಿದಳು. ಆಮೇಲೆ ಜಗಲಿಯ ಕಡೆ ಕೈ ತೋರಿಸಿ ಹೇಳಿದಳು:

"ನೆಂಟರು ಇನ್ನೂ ಹೋಗಿಲ್ಲ, ಅಪ್ಪ. ಅವರೆದುರಿಗೂ ಹೇಳು."

ಎದ್ದುಹೋಗಿ ಹೇಳಿದೆ.