ಹೊಸ ಡಾಕ್ ಕೊಳ್ಳಬೇಕೆ?

ಬ್ಯಾಂಕಿನ ಗುಮಾಸ್ತನ ಕೈಗೆ ಒಟ್ಟಾಗಿ ನಾಲ್ಕು ಕಾಸು ಬರುವುದು ಅಪರೂಪಕ್ಕೊಮ್ಮೆ. 2024ರ ಮಾರ್ಚಿನಲ್ಲಿ ಆದ ವೇತನ ಒಪ್ಪಂದದ ಬಾಕಿ ಹಣ ನನಗೂ ಬಂತು. ಅಡುಗೆಮನೆಯ ಮಾಡಿಗೆ ಹೊಸ ಹಂಚು ಹೊದೆಸಬೇಕೆಂದು ಹೆಂಡತಿ ಹೇಳಿದಳು. ಒಂಬತ್ತನೆಯ ತರಗತಿಯ ಮಗಳಿಗೆ ಸೈಕಲ್ ಬೇಕಿತ್ತು. ನನ್ನ ಮನಸ್ಸಿನಲ್ಲಿ ಮಾತ್ರ ಯಾರಿಗೂ ಹೇಳದ ಆಸೆಯೊಂದು ಕುಳಿತಿತ್ತು: ಡಾಕ್ ಬದಲಾಯಿಸಬೇಕು.

ಡಾಕ್ ಎಂದರೇನೆಂದು ಕೆಲವರಾದರೂ ಕೇಳಿಯಾರು. 2009ರಲ್ಲಿ ದುಬಾಯಿಯಿಂದ ಬಂದ ಭಾವ ನನಗೊಂದು ಐಪಾಡ್ ಕ್ಲಾಸಿಕ್ ತಂದುಕೊಟ್ಟರು. ಅಂಗಿಯ ಜೇಬಿಗೆ ಹಿಡಿಸುವ ಡಬ್ಬಿ. ಒಳಗೆ 160 ಜಿಬಿಯ ಹಾರ್ಡ್ ಡಿಸ್ಕ್. ಅದನ್ನು ಕುಳ್ಳಿರಿಸುವ ಮಣೆಯೇ ಡಾಕ್. ಇಯರ್‌ಫೋನಿನ ತೂತಿನಿಂದ ಹಾಡು ತೆಗೆದರೆ ಅದು ಡಬ್ಬಿಯೊಳಗಿನ ಪುಟ್ಟ ಆಂಪ್ಲಿಫೈಯರನ್ನು ದಾಟಿ ಬರಬೇಕು. ಮಣೆಯ ಮೇಲಿಟ್ಟರೆ, ಅಡಿಯಲ್ಲಿರುವ 30 ಪಿನ್ನಿನ ಕಿಂಡಿಯ ಮೂಲಕ, ಆ ಪುಟ್ಟದರ ಹಂಗಿಲ್ಲದೆ ನೇರವಾಗಿ ಹೊರಗಿನ ದೊಡ್ಡ ಆಂಪ್ಲಿಫೈಯರಿಗೆ ಹೋಗುತ್ತದೆ. ಇದು ನನ್ನಲ್ಲಿದ್ದ ಸಾದಾ ಡಾಕ್.

ಇದಕ್ಕಿಂತ ಮೇಲ್ಜಾತಿಯದೊಂದು 2008ರ ಹೊತ್ತಿಗೆ ಬಂದಿತ್ತು. ಹಾಡು ಐಪಾಡಿನೊಳಗೆ ಇರುವುದು ಅಂಕಿಗಳ ರೂಪದಲ್ಲಿ. ಅಂಕಿಯನ್ನು ಧ್ವನಿಯಾಗಿಸುವ ಕೆಲಸವನ್ನೂ ಐಪಾಡಿಗೆ ಬಿಡದೆ, ಅಂಕಿಗಳನ್ನು ಇದ್ದ ಹಾಗೆಯೇ ಹೊರಗೆಳೆದು ಬೇರೆ ಒಳ್ಳೆಯ ಪರಿವರ್ತಕಕ್ಕೆ ಒಪ್ಪಿಸುವ ಡಿಜಿಟಲ್ ಡಾಕ್ ಅದು. ಮಂಗಳೂರಿನ ಅಂಗಡಿಯೊಂದರಲ್ಲಿ ಹಳೆಯದೊಂದು ಮಾರಾಟಕ್ಕಿತ್ತು. ಡಾಕಿಗೆ 16 ಸಾವಿರ, ಪರಿವರ್ತಕಕ್ಕೆ 9 ಸಾವಿರ. ಐಪಾಡ್ ಕ್ಲಾಸಿಕ್ 2014ರಲ್ಲೇ ನಿಂತಿದೆ. ಐಪಾಡೆಂಬ ಹೆಸರಿನ ಕೊನೆಯದೂ 2022ರ ಮೇ ತಿಂಗಳಲ್ಲಿ ನಿಂತಿತು. ತೀರಿಹೋದ ಯಂತ್ರಕ್ಕೆ 25 ಸಾವಿರದ ಮಣೆ! ಸಾಲದ ಅರ್ಜಿಯಾಗಿ ಇದು ನನ್ನ ಮೇಜಿಗೆ ಬಂದಿದ್ದರೆ ಎರಡನೆಯ ಸಲ ಓದದೆ ಹಿಂದಿರುಗಿಸುತ್ತಿದ್ದೆ.

ಆದರೂ ಆಸೆ ಬಿಡಲಿಲ್ಲ. ಅದಕ್ಕೆ ಕಾರಣ ಅಪ್ಪ.

ಅಪ್ಪ ಕನ್ನಡ ಶಾಲೆಯ ಮಾಸ್ತರರು. ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ನಮ್ಮ ಸೀಮೆಯ ಚಾವಡಿಗಳಲ್ಲಿ ತಾಳಮದ್ದಳೆ ನಡೆಯುವುದು ನಿಮಗೆಲ್ಲ ಗೊತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಮತ್ತೆ ಕುಳಿತಲ್ಲಿಯೇ ಆಡುವ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಹುಟ್ಟಿ ಬೆಳೆದ ಈ ಮಣ್ಣಿನಲ್ಲಿ ಅರ್ಥ ಹೇಳಲು ಹೊರಡುವುದೆಂದರೆ ಸಣ್ಣ ಧೈರ್ಯವಲ್ಲ. ಅಪ್ಪನದು ದೊಡ್ಡ ಹೆಸರೇನೂ ಅಲ್ಲ, ಊರ ಮಟ್ಟದ ಅರ್ಥಧಾರಿ. 1986ರಿಂದ 1994ರ ತನಕ ನಮ್ಮ ಚಾವಡಿಯಲ್ಲಿ ನಡೆದ ಕೂಟಗಳನ್ನು ಟು-ಇನ್-ವನ್ ಎದುರಿಗಿಟ್ಟು 23 ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಪದವಾದರೆ ಪ್ರಸಂಗದ ಪುಸ್ತಕದಲ್ಲಿ ಸಿಕ್ಕೀತು. ಅರ್ಥಗಾರಿಕೆ ಆ ಕ್ಷಣಕ್ಕೆ ಹುಟ್ಟಿದ ಮಾತು, ಎಲ್ಲಿಯೂ ಬರೆದಿಟ್ಟದ್ದಲ್ಲ. ಕ್ಯಾಸೆಟ್ ಹಾಳಾದರೆ ಮಾತೂ ಹೋಯಿತು.

2011ರಲ್ಲಿ ಅಪ್ಪ ತೀರಿಕೊಂಡರು. ಮರುವರ್ಷ ನಾನೇ ಕುಳಿತು ಆ 23ನ್ನೂ ಕಂಪ್ಯೂಟರಿಗೆ ಇಳಿಸಿದೆ. ಬುಸ್ಸೆನ್ನುವ ಸದ್ದನ್ನು ತೆಗೆಯುವ ತಂತ್ರಾಂಶವೊಂದು ಸಿಕ್ಕಿತ್ತು, ಅದರಿಂದ ತೊಳೆದೆ. ಜಾಗ ಉಳಿಯಲೆಂದು 128 ಕಿಲೋಬಿಟ್ಟಿನ ಎಂಪಿ3 ಮಾಡಿದೆ. ಐಪಾಡಿಗೆ ತುಂಬಿ, ಪುಣ್ಯದ ಕೆಲಸ ಮಾಡಿದೆನೆಂದು ಹಿಗ್ಗಿದೆ.

ಆದರೆ ಆ ಧ್ವನಿ ಅಪ್ಪನದಾಗಿಯೂ ಅಪ್ಪನದಲ್ಲ. ಡಬ್ಬದೊಳಗಿಂದ ಮಾತಾಡಿದ ಹಾಗೆ. "ಅಜ್ಜ ಯಾಕೆ ಹೀಗೆ ಕಿರುಚುವುದು? ಯಾರ ಮೇಲೆ ಸಿಟ್ಟು?" ಎಂದು ಮಗಳು ಒಮ್ಮೆ ಕೇಳಿದಳು. ಅವಳು ಅಜ್ಜನನ್ನು ತಿಳಿದದ್ದು ಈ ಡಬ್ಬಿಯಿಂದಲೇ. ಒಳ್ಳೆಯ ಡಾಕ್ ಬಂದರೆ ಅಪ್ಪ ಸರಿಯಾಗಿ ಕೇಳಿಸಿಯಾರು ಎಂಬುದು ನನ್ನ ಲೆಕ್ಕ.

ನಮ್ಮ ಶಾಖೆಯ ಕ್ಯಾಷಿಯರ್ ಪಯ್ಯನ್ನೂರಿನವರು, ಬಾಬುರಾಜರ ಹಳೆಯ ಹಾಡುಗಳ ಹುಚ್ಚಿನವರು. ಅವರಲ್ಲಿ ಅಂಥ ಡಾಕ್ ಇತ್ತು. "ಕೊಳ್ಳುವ ಮೊದಲು ಕೇಳಿ ನೋಡಿ ಸಾರೇ" ಎಂದು ಒಂದು ಆದಿತ್ಯವಾರ ರೈಲಿನಲ್ಲಿ ಹೊತ್ತು ತಂದರು. ಎರಡು ಡಾಕುಗಳ ಸದ್ದಿನ ಮಟ್ಟವನ್ನೂ ಒಂದೇ ಸಮಕ್ಕೆ ತಂದರು. ತುಸು ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆಯೆಂದೇ ಕಿವಿಗೆ ತೋರುತ್ತದಂತೆ. ಮಗಳನ್ನು ಪರದೆಯ ಹಿಂದೆ ಕುಳ್ಳಿರಿಸಿ, ತನಗೆ ತೋಚಿದಂತೆ ಬದಲಾಯಿಸಲು ಹೇಳಿದರು. ಯಾವುದು ನುಡಿಯುತ್ತಿದೆಯೆಂದು ನಾವು ಚೀಟಿಯಲ್ಲಿ ಬರೆಯಬೇಕು.

ಮೊದಲು ಸಿಡಿಯಿಂದ ಏನೂ ಕಳೆಯದೆ ತೆಗೆದ ಭೀಮಸೇನ ಜೋಶಿಯವರ ಗಾಯನ. ಹತ್ತರಲ್ಲಿ ಕ್ಯಾಷಿಯರರಿಗೆ ಏಳು ಸರಿ, ನನ್ನ ಹೆಂಡತಿಗೆ ಆರು, ನನಗೆ ಐದು. ನಾಣ್ಯ ಚಿಮ್ಮಿದರೂ ಐದು ಬರುತ್ತದೆ; ಏಳು ಅಥವಾ ಹೆಚ್ಚು ಬರುವುದೂ ಹೆಚ್ಚುಕಡಿಮೆ ಆರು ಸಲಕ್ಕೊಮ್ಮೆ ಸಾಧ್ಯ ಎಂದು ಅವರೇ ನಕ್ಕರು. ಆಮೇಲೆ ಅಪ್ಪನ 'ಕರ್ಣಭೇದನ', 1989ರ ಆಟಿ ತಿಂಗಳದ್ದು. ಅದರಲ್ಲಿ ವ್ಯತ್ಯಾಸ ಯಾರಿಗೂ ತಿಳಿಯಲಿಲ್ಲ. ಚೀಟಿ ಬರೆಯುವುದನ್ನೇ ಬಿಟ್ಟೆವು.

"ಸಾರೇ, ಲೆಡ್ಜರಿನಲ್ಲಿ ಇಲ್ಲದ್ದು ಪಾಸ್‌ಬುಕ್ಕಿನಲ್ಲಿ ಬರುತ್ತದೆಯೆ?" ಎಂದು ಕ್ಯಾಷಿಯರ್ ಕೇಳಿದರು. ಸಿಡಿಯಲ್ಲಿ ಒಂದು ಸೆಕೆಂಡಿಗೆ 14,11,200 ಬಿಟ್. ನನ್ನ ಎಂಪಿ3ಯಲ್ಲಿ 1,28,000. ಹನ್ನೊಂದರಲ್ಲಿ ಒಂದು ಪಾಲು. ಕಳೆದದ್ದು ಏನೆಂದು ಡಾಕಿಗೆ ಹೇಗೆ ಗೊತ್ತಾಗಬೇಕು? ಪಾಸ್‌ಬುಕ್ಕನ್ನು ಎಷ್ಟು ಒಳ್ಳೆಯ ಮುದ್ರಣಯಂತ್ರದಲ್ಲಿ ಮುದ್ರಿಸಿದರೂ ಬಾಕಿ ಏರುವುದಿಲ್ಲ.

ಆಗ ಒಳಗಿನಿಂದ ಅಮ್ಮ ಕೈ ಒರಸಿಕೊಳ್ಳುತ್ತ ಬಂದರು. ಕರ್ಣನ ಮಾತನ್ನು ನಿಂತೇ ಸ್ವಲ್ಪ ಹೊತ್ತು ಕೇಳಿದರು. "ಅಲ್ಲ ಮಗಾ, ಇದರಲ್ಲಿ ಮಳೆ ಎಲ್ಲಿ ಹೋಯಿತು?" ಎಂದರು. "ಆ ದಿನ ಎಂಥಾ ಮಳೆ! ಭಾಗವತರು ಸಂಕ ದಾಟಲಾಗದೆ ಎರಡು ದಿನ ಇಲ್ಲೇ ಉಳಿದಿದ್ದರು."

ಕ್ಯಾಷಿಯರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಟೇಪಿನ ಬುಸ್ಸೂ ಹಂಚಿನ ಮೇಲೆ ಎಡೆಬಿಡದೆ ಸುರಿಯುವ ಮಳೆಯೂ ತಂತ್ರಾಂಶದ ಕಿವಿಗೆ ಒಂದೇ ಜಾತಿ. ಒಂದೇ ಸಮನೆ ಇರುವ ಸದ್ದನ್ನು ಅದು ಕಸವೆಂದು ತಿಳಿಯುತ್ತದೆ. ಹನ್ನೆರಡು ವರ್ಷದ ಹಿಂದೆ ಆ ಕಸ ಗುಡಿಸಿದವನು ನಾನೇ.

ಅಟ್ಟದಿಂದ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬ ಇಳಿಸಿದೆವು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು. ಎರಡು ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಸುರುಳಿ ಒಂದಕ್ಕೊಂದು ಅಂಟಿಕೊಂಡಿತ್ತು. ಉಳಿದವುಗಳ ಮೇಲೆ ಅಪ್ಪನ ಅಕ್ಷರ ಹಾಗೆಯೇ ಇತ್ತು.

ಮುಂದಿನ ಆದಿತ್ಯವಾರ ಅವನ್ನು ಪಯ್ಯನ್ನೂರಿಗೆ ಒಯ್ದೆ. ಕ್ಯಾಷಿಯರರ ಹಳೆಯ ಡೆಕ್ಕಿಗೆ ಹೊಸ ಬೆಲ್ಟ್ ಹಾಕಿಸಿದೆವು. ಹೆಡ್ಡನ್ನು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರಸಿದರು. ಮತ್ತೆ ಅದರ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಟೇಪಿಗೆ ಯಾವ ಓರೆಯಲ್ಲಿತ್ತೋ, ಕೇಳಿಸುವ ಹೆಡ್ಡೂ ಅದೇ ಓರೆಯಲ್ಲಿರಬೇಕು. ಇಲ್ಲದಿದ್ದರೆ ಮೇಲಿನ ಸ್ವರಗಳೆಲ್ಲ ಮಂಕಾಗುತ್ತವೆ. ತಿರುಪು ಒಂದು ಕಡೆಗೆ ಬಂದಾಗ ಭಾಗವತರ ತಾಳದ ಕಿಣಿ ಕೇಳಿಸಿತು. ಅದರ ಹಿಂದೆಯೇ ಮಳೆ ಬಂತು.

ಅಪ್ಪ ಕಿರುಚುತ್ತಿರಲಿಲ್ಲ. ಮಾಡಿನ ಮೇಲೆ ಹೊಡೆಯುವ ಮಳೆಯನ್ನು ಮೀರಿ, ಜಗಲಿಯ ಕೊನೆಯಲ್ಲಿ ಕುಳಿತವರಿಗೂ ಕೇಳಲೆಂದು ಧ್ವನಿ ಎತ್ತಿದ್ದರು. ಮಳೆ ತುಸು ಹೊಳವಾದಲ್ಲಿ ಅವರ ಧ್ವನಿಯೂ ಇಳಿಯುತ್ತದೆ. ತಾಯಿ ಕುಂತಿಯೆದುರು ಕರ್ಣ ಆಡುವ ಮಾತುಗಳು ಅಲ್ಲಿ ಎಷ್ಟು ಮೆತ್ತಗೆ ಬಂದಿವೆಯೆಂದರೆ, ನನ್ನ ಎಂಪಿ3ಯಲ್ಲಿ ಅವು ಅರ್ಧ ಅಳಿಸಿಯೇ ಹೋಗಿದ್ದವು.

ಡಾಕ್ ಕೊಳ್ಳಲಿಲ್ಲ. ಬೆಲ್ಟು, ನಾಲ್ಕು ಕ್ಯಾಸೆಟ್ಟುಗಳಿಗೆ ಹೊಸ ಪ್ಯಾಡು, ರೈಲಿನ ಖರ್ಚು ಸೇರಿ 3,200 ರೂಪಾಯಿ. ನಡೆಯುವ 21 ಕ್ಯಾಸೆಟ್ಟುಗಳನ್ನು ಈ ಸಲ ಏನನ್ನೂ ತೊಳೆಯದೆ, ಕುಗ್ಗಿಸದೆ ಇಳಿಸಿದ್ದೇವೆ. 90 ನಿಮಿಷಕ್ಕೆ ಸುಮಾರು ಒಂದೂವರೆ ಜಿಬಿ. ಒಂದು ಪ್ರತಿ ನಮ್ಮಲ್ಲಿ, ಇನ್ನೊಂದು ಮಂಗಳೂರಿನ ತಂಗಿಯ ಮನೆಯಲ್ಲಿ. ಅಡುಗೆಮನೆಯ ಹಂಚೂ ಆಯಿತು, ಸೈಕಲೂ ಬಂತು.

ನಿಮ್ಮ ಅಟ್ಟದಲ್ಲಿಯೂ ಅಂಥದೊಂದು ಡಬ್ಬ ಇದ್ದರೆ ಮುಂದಿನ ಮಳೆಗಾಲಕ್ಕೆ ಮೊದಲು ಇಳಿಸಿ. ಸದ್ದು ತೆಗೆಯಲು ಅವಸರ ಮಾಡಬೇಡಿ. ಮೂಲವನ್ನು ಇದ್ದ ಹಾಗೆಯೇ ಒಂದು ಕಡೆ ಇಟ್ಟು, ಬೇಕಾದರೆ ಪ್ರತಿಯನ್ನು ತೊಳೆಯಿರಿ. ಇಳಿಸಿದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ. ನಾನು ಎಸೆಯದೆ ಇದ್ದದ್ದು ಬುದ್ಧಿಯಿಂದಲ್ಲ, ಸೋಮಾರಿತನದಿಂದ.

ಐಪಾಡ್ ಈಗಲೂ ಅದೇ ಹಳೆಯ ಮಣೆಯ ಮೇಲೆ ಕುಳಿತಿದೆ. ಮೊನ್ನೆ ರಾತ್ರಿ ಹೊಸದಾಗಿ ತುಂಬಿದ 'ಕರ್ಣಭೇದನ' ಹಾಕಿದ್ದೆ. ಮಗಳು ಪುಸ್ತಕ ಮಡಚಿಟ್ಟು ಬಂದು ಕುಳಿತಳು. ಯಾಕೆ ಕಿರುಚುವುದೆಂದು ಈ ಸಲ ಕೇಳಲಿಲ್ಲ. "ಅಪ್ಪಾ, 'ಋಣ' ಅಂದರೆ ಬ್ಯಾಂಕಿನ ಸಾಲವೇ?" ಎಂದು ಕೇಳಿದಳು. ಉತ್ತರ ಹೇಳಲು ನಾನು ಸದ್ದು ಸ್ವಲ್ಪ ತಗ್ಗಿಸಬೇಕಾಯಿತು. ಒಳಗೆ ಮಳೆ ಜೋರಾಗಿತ್ತು.