ಧೂಳು ಯಾವುದು, ಹಚ್ಚೆ ಯಾವುದು

ಎಸ್‌ಎಲ್‌ಆರ್ ಕ್ಯಾಮೆರಾ ಇಟ್ಟುಕೊಂಡವರು ತಮ್ಮ ಫೋಟೊ ತೋರಿಸುವಾಗ ಒಮ್ಮೆ ಗಮನಿಸಿ. ಹೂವು, ಮಗು, ನಾಯಿಮರಿ ಬಂದರೆ ನಿಧಾನ. ಆಕಾಶ ಬಂತೋ, ಬೆರಳು ಪಟಪಟ ಮುಂದಕ್ಕೆ ಓಡುತ್ತದೆ. ಯಾಕೆಂದರೆ ಆಕಾಶದಲ್ಲಿ ಮೂರೋ ನಾಲ್ಕೋ ಬೂದು ಚುಕ್ಕಿಗಳಿರುತ್ತವೆ. ಹಕ್ಕಿ ಅಲ್ಲ, ಧೂಳು.

ರೀಲಿನ ಕಾಲದಲ್ಲಿ ಈ ತಾಪತ್ರಯ ಇಷ್ಟಿರಲಿಲ್ಲ. ಪ್ರತಿ ಫೋಟೊಕ್ಕೂ ಹೊಸ ಫಿಲ್ಮು ಮುಂದೆ ಬರುತ್ತಿತ್ತು, ಕೂತ ಧೂಳು ಅದರ ಜೊತೆಗೇ ಸುತ್ತಿಕೊಂಡು ಹೋಗುತ್ತಿತ್ತು. ಡಿಜಿಟಲ್‌ನಲ್ಲಿ ಸೆನ್ಸರ್ ಒಂದೇ. ಲೆನ್ಸ್ ಬದಲಿಸುವಾಗ ಒಳಗೆ ಹೋದ ಕಣ ಅಲ್ಲೇ ಮನೆ ಮಾಡುತ್ತದೆ. (ಸೆನ್ಸರ್ ಮೇಲೆ ಅಂತ ನಾವು ಹೇಳುತ್ತೇವೆ, ನಿಜಕ್ಕೂ ಅದು ಕೂರುವುದು ಸೆನ್ಸರ್ ಮುಂದಿನ ಫಿಲ್ಟರ್ ಮೇಲೆ.)

ಇದಕ್ಕೆ ಮೊದಲು ಮದ್ದು ಹುಡುಕಿದ್ದು ಒಲಿಂಪಸ್. 2003ರಲ್ಲಿ ಬಂದ ಅವರ ಇ-1 ಕ್ಯಾಮೆರಾದಲ್ಲಿ ಸೆನ್ಸರ್ ಮುಂದಿನ ತೆಳು ಗಾಜು ಸೆಕೆಂಡಿಗೆ 30 ಸಾವಿರಕ್ಕೂ ಹೆಚ್ಚು ಸಲ ನಡುಗಿ ಧೂಳು ಕೊಡವುತ್ತಿತ್ತು. ಉದುರಿದ್ದು ಕೆಳಗಿನ ಅಂಟುಪಟ್ಟಿಗೆ ಹತ್ತಿಕೊಳ್ಳುತ್ತಿತ್ತು. 2006ರಲ್ಲಿ ಕ್ಯಾನನ್ 400ಡಿ, ಸೋನಿ ಆಲ್ಫಾ 100, ಪೆಂಟಾಕ್ಸ್ ಕೆ10ಡಿ ಬಂದವು, 2007ರಲ್ಲಿ ನಿಕಾನ್ ಡಿ300. ಎಲ್ಲರದೂ ಒಂದೊಂದು ಥರದ ನಡುಕ. ಅಲ್ಲಿಂದ ಮುಂದೆ ಅಂಗಡಿಯವರೆಲ್ಲ 'ಸಾರ್, ಇದು ತನ್ನನ್ನ ತಾನೇ ಕ್ಲೀನ್ ಮಾಡ್ಕೊಳುತ್ತೆ' ಅನ್ನತೊಡಗಿದರು. ಏನೋ ಬೆಕ್ಕಿನಮರಿ ಮಾರುವ ಹಾಗೆ.

ಆದರೆ ಯಾವ ಊರಿನ ಧೂಳು ಅಂತ ಯಾರೂ ಕೇಳಲಿಲ್ಲ.

ನಮ್ಮದು ಬೈಲಹೊಂಗಲ. ಎರಿ ಭೂಮಿ. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಒಂದು ಹಾದುಹೋದರೆ ಸಾಕು, ಕರಿ ಹಿಟ್ಟಿನಂಥ ಮಣ್ಣು ಎದ್ದು ರೆಪ್ಪೆ ಮೇಲೆ ಕೂರುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಅದರ ಜೊತೆ ಅರಳಿ ಎಳೆ ಬೇರೆ. ಅದು ಒಳಗೆ ಹೋದರೆ ಚುಕ್ಕಿ ಅಲ್ಲ, ಕೂದಲಿನಂತೆ ಡೊಂಕು ಗೆರೆ. ಕಿತ್ತೂರು ಉತ್ಸವದಲ್ಲಿ, ಅಂದರೆ ಅಕ್ಟೋಬರ್ 23ರ ಸುಮಾರಿಗೆ, ಕೋಟೆಯ ಸುತ್ತ ಜನ ತುಳಿದು ಎಬ್ಬಿಸುವ ಧೂಳು ಇನ್ನೊಂದು ಥರ. ಇವೆಲ್ಲ ಒಣ ಧೂಳು, ಕ್ಯಾಮೆರಾದ ನಡುಕಕ್ಕೆ ಬಹಳಷ್ಟು ಉದುರುತ್ತವೆ. ಆ ವಿಷಯದಲ್ಲಿ ಕಂಪನಿಗಳು ಸುಳ್ಳು ಹೇಳಿಲ್ಲ. ಒಂದೇ ಮಾತು: ಆಗ ಕ್ಯಾಮೆರಾವನ್ನು ಟೇಬಲ್ ಮೇಲೆ ನೆಟ್ಟಗೆ ಇಡಿ. ಕೊರಳಲ್ಲಿ ಮುಖ ಮೇಲೆ ಮಾಡಿ ನೇತಾಡುತ್ತಿದ್ದರೆ ಉದುರಿದ್ದು ಎಲ್ಲಿಗೆ ಬೀಳಬೇಕು?

ಸವದತ್ತಿಯ ಕಥೆ ಬೇರೆ. ಯಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಗೆ ನಿಂತವರಿಗೆ ಗೊತ್ತು, ಗಾಳಿಯೇ ಹಳದಿ. 'ಉಧೋ ಉಧೋ' ಅನ್ನುತ್ತ ಜನ ಭಂಡಾರ ಹಾರಿಸುತ್ತಾರೆ. ಭಂಡಾರ ಅಂದರೆ ಅರಿಷಿಣ, ಅದರಲ್ಲಿ ಎಣ್ಣೆಯ ಅಂಶ ಇದೆ. ಮೇಲೆ ನಮ್ಮ ಕೈಬೆವರು. ಇದು ಎಷ್ಟು ನಡುಗಿಸಿದರೂ ಬಿಡುವ ಪೈಕಿ ಅಲ್ಲ. ಅರಿಷಿಣ ನೀರಿಗೆ ಕರಗುವುದಿಲ್ಲ (ಬಿಳಿ ಅಂಗಿ ಒಗೆದವರನ್ನು ಕೇಳಿ), ಸೆನ್ಸರ್ ಒರೆಸಲು ಬಳಸುವ ಮೆಥನಾಲ್‌ಗೆ ಕರಗುತ್ತದೆ. ಆದರೆ ಆ ಒರೆಸುವ ಕೆಲಸ ಎಲ್ಲರ ಕೈಯಲ್ಲಿ ಆಗುವಂಥದ್ದಲ್ಲ. ಇನ್ನೊಂದು ತಮಾಷೆ. ಕಣ ಹಳದಿ ಇದ್ದರೂ ಫೋಟೊದಲ್ಲಿ ಬೀಳುವ ಕಲೆ ಕಪ್ಪೇ. ಅದು ಬಣ್ಣವಲ್ಲ, ನೆರಳು.

ನೆರಳು ಅಂದ ಕೂಡಲೇ ಉಳಿದದ್ದು ಸುಲಭ. ಟ್ಯೂಬ್‌ಲೈಟಿನ ಕೆಳಗೆ ಬೆರಳಿನ ನೆರಳು ಮಸುಕು, ಟಾರ್ಚಿನ ಮುಂದೆ ಚೂಪು. ಹಾಗೆಯೇ ಲೆನ್ಸಿನ ಕಿಂಡಿ ದೊಡ್ಡದಿದ್ದರೆ, ಎಫ್/4 ಅನ್ನಿ, ಧೂಳು ಕಾಣುವುದೇ ಇಲ್ಲ. ಎಫ್/16ಕ್ಕೆ ಹೋದಿರೋ, ಎಲ್ಲ ಹಾಜರ್. ಇನ್ನು ಸೆನ್ಸರ್ ಮೇಲೆ ಚಿತ್ರ ಬೀಳುವುದು ತಲೆಕೆಳಗಾಗಿ, ಆದ್ದರಿಂದ ಆಕಾಶದಲ್ಲಿ ಕಂಡ ಕಲೆ ಕೂತಿರುವುದು ಸೆನ್ಸರಿನ ಕೆಳಭಾಗದಲ್ಲಿ. ಬ್ಲೋವರ್ ಹಿಡಿದವರು ಮೇಲೆ ಮೇಲೆ ಊದಿ ಸುಸ್ತಾಗಬೇಡಿ.

ಇಷ್ಟೆಲ್ಲ ನಾನು ಕಲಿತಿದ್ದು ಬೈಲಹೊಂಗಲದಲ್ಲಿ ಸ್ಟುಡಿಯೊ ಇಟ್ಟಿರುವ ನಮ್ಮ ಕಾಕಾನಿಂದ. ಬೆಂಗಳೂರಲ್ಲಿ ನಮಗೆ ಧೂಳು ಅಂದರೆ ವೀಕೆಂಡಿನ ಕಿರಿಕಿರಿ. ಅವರಿಗೆ ಅದು ಹೊಟ್ಟೆಪಾಡು. ಮದುವೆ ಸೀಜನ್ನಿನಲ್ಲಿ ಕ್ಯಾಮೆರಾ ವಾರಗಟ್ಟಲೆ ಸರ್ವಿಸ್‌ಗೆ ಹೋದರೆ ಆರ್ಡರ್ ಪಕ್ಕದ ಸ್ಟುಡಿಯೊ ಪಾಲು. ಹಾಗಾಗಿ ಅವರು ಹಳೆಯ ಎರಡು ಬಾಡಿ ತೊಗೊಂಡು ಎರಡಕ್ಕೂ ಒಂದೊಂದು ಲೆನ್ಸ್ ಹಾಕಿ ಬಿಟ್ಟಿದ್ದಾರೆ. ಬಿಚ್ಚುವ ಮಾತೇ ಇಲ್ಲ. 'ಇದರ ಬದಲಿ ಒಂದ ಹೊಸಾದ ತೊಗೋಬಹುದಿತ್ತಲ್ಲ ಕಾಕಾ' ಅಂದೆ. 'ಹೊಸಾದಕ್ಕ ಧೂಳ ಹತ್ತಂಗಿಲ್ಲೇನ? ಬಾಯಿಲೆ ಮಾತ್ರ ಊದಬ್ಯಾಡ ತಮ್ಮಾ, ಉಗುಳ ಸಿಡಿತೈತಿ' ಅಂದರು.

ಹೋದ ವರ್ಷ ಭಾರತ ಹುಣ್ಣಿಮೆಗೆ ಆಯಿಯನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. 'ನಾ ಸತ್ತ ಮ್ಯಾಲ ಗ್ವಾಡಿಗೆ ಹಾಕಾಕ ಒಂದ ಚಂದಾನ ಫೋಟೊ ತಗಿಯಪಾ' ಅಂತ ಅವಳೇ ಕೇಳಿದ್ದಳು. ಹಣೆ ತುಂಬ ಭಂಡಾರ, ಹಿಂದೆ ಗುಡಿ. ಗುಡಿಯೂ ಸ್ಪಷ್ಟ ಬರಲಿ ಅಂತ ಕಿಂಡಿ ಸಣ್ಣ ಮಾಡಿಯೇ ತೆಗೆಯಬೇಕಿತ್ತು. ಫೋಟೊ ಬಹಳ ಚೆನ್ನಾಗಿ ಬಂತು. ಆಕಾಶದಲ್ಲಿ ಐದಾರು ಕಲೆ, ಒಂದು ಸರಿಯಾಗಿ ಆಯಿಯ ಕೆನ್ನೆ ಮೇಲೆ. ಬೆಂಗಳೂರಿನಲ್ಲಿ ಪ್ರಿಂಟಿಗೆ ಕೊಟ್ಟ ಕಡೆ ಹುಡುಗನೊಬ್ಬ 'ಡಸ್ಟ್ ಎಲ್ಲಾ ತೆಗೆದಿದೀನಿ ಸಾರ್' ಅಂದ. ತೆಗೆದಿದ್ದ. ಜೊತೆಗೆ ಗದ್ದದ ಮೇಲಿನ ಹಚ್ಚೆಯ ಮೂರು ಚುಕ್ಕಿಯನ್ನೂ ತೆಗೆದಿದ್ದ.

ಫ್ರೇಮು ನೋಡಿದ ಆಯಿ ಸಿಟ್ಟಾಗಲಿಲ್ಲ, ಗದ್ದ ಮುಟ್ಟಿ ನೋಡಿಕೊಂಡಳು. 'ಹಚ್ಚಿ ಎಲ್ಲಿ ಹೋತ? ಬಂಗಾರ, ಬೆಳ್ಳಿ ಎಲ್ಲಾ ಇಲ್ಲೇ ಬಿಟ್ಟ ಹೋಗೂದ. ಸಂಗಾಟ ಬರೂದ ಅದೊಂದ ಅಲ್ಲನ?' ಹಚ್ಚೆ ಹಾಕುವಾಕೆ ಮನೆ ಕಟ್ಟೆಗೆ ಬಂದಿದ್ದು, ಅವ್ವ ಕೈ ಹಿಡಿದು ಕೂರಿಸಿದ್ದು, ಅತ್ತಿದ್ದು ಎಲ್ಲ ಹೇಳಿದಳು. ಆಗ ಅವಳಿಗೆ ಎಂಟೋ ಒಂಬತ್ತೋ ವರ್ಷವಂತೆ.

ಆ ಹುಡುಗನಿಗೆ ಬೈಯುವುದು ಸುಲಭ. ಆದರೆ ಅವನು ನೋಡಿದ್ದು ಒಂದೇ ಫೋಟೊ, ಅದರಲ್ಲಿ ಎರಡೂ ಕಪ್ಪು ಚುಕ್ಕಿಯೇ. ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ: ಧೂಳು ಪ್ರತಿ ಫೋಟೊದಲ್ಲೂ ಅದೇ ಮೂಲೆಯಲ್ಲಿರುತ್ತದೆ, ಹಚ್ಚೆ ಆಯಿ ತಿರುಗಿದ ಕಡೆ ತಿರುಗುತ್ತದೆ. ಕ್ಯಾನನ್‌ನವರ 'ಡಸ್ಟ್ ಡಿಲೀಟ್ ಡೇಟಾ' ನಡೆಯುವುದೂ ಇದರ ಮೇಲೆಯೇ. ಬಿಳಿ ಹಾಳೆಯ ಫೋಟೊ ತೆಗೆದರೆ ಕ್ಯಾಮೆರಾ ಯಾವ ಕಲೆ ಎಲ್ಲಿದೆ ಅಂತ ಬರೆದಿಟ್ಟುಕೊಳ್ಳುತ್ತದೆ, ಆಮೇಲೆ ಸಾಫ್ಟ್‌ವೇರ್ ಅಷ್ಟನ್ನೇ ಅಳಿಸುತ್ತದೆ. ನಿಕಾನ್‌ನಲ್ಲೂ ಇಂಥದ್ದಿದೆ. ನನ್ನ ಕೇಳಿದರೆ, ಆಕಾಶಕ್ಕೆ ಅದು ಸಾಕು. ಮುಖಕ್ಕೆ ಬೇಡ. ಮುಖವನ್ನು ಪರಿಚಯ ಇರುವವರೇ ಕೂತು ಸರಿಮಾಡಬೇಕು.

ಕಾಕಾ ಕೂತರು. ಅದೇ ದಿನದ ಇನ್ನೊಂದು ಫೋಟೊ ಪಕ್ಕಕ್ಕಿಟ್ಟುಕೊಂಡು ಕೆನ್ನೆಯದನ್ನು ಅಳಿಸಿ ಮೂರು ಚುಕ್ಕಿ ಉಳಿಸಿದರು. ಆಕಾಶದಲ್ಲಿ ಒಂದು ಬಿಟ್ಟುಹೋಗಿತ್ತು, ತೋರಿಸಿದೆ. 'ಇರಲಿ ಬಿಡೋ, ಹದ್ದ ಅಂತಾರ' ಅಂದರು. ಆಯಿ ಫ್ರೇಮು ತೊಗೊಂಡು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಾಳೆ, ಈಗಲೇ ಗ್ವಾಡಿಗೆ ಹಾಕುವ ಅವಸರ ಇಲ್ಲವಂತೆ.

ಬರುವ ವಾರ ಕಾಕಾಗೆ ರಾಮದುರ್ಗದಲ್ಲಿ ಮದುವೆ ಆರ್ಡರ್ ಇದೆ. ಬಯಲಲ್ಲೇ ಪೆಂಡಾಲು, ಅಲ್ಲಿಯ ಬಿಸಿಲು, ಗಾಳಿ ನಿಮಗೆ ಗೊತ್ತಲ್ಲ. ನನ್ನ ಬ್ಲೋವರ್ ಕೇಳಿದ್ದರು, ಕೊಟ್ಟು ಬಂದಿದ್ದೇನೆ.